ಅಪ್‌ಡೇಟ್: ‘ಟೇರ್’ ಒಂದಲ್ಲ, ಎರಡು ಪದ

ಕಂಟೇನರ್ ಬಾಗಿಲ ಮೇಲೆ ಬರೆದಿರುವ ‘ಟೇರ್’ (ಖಾಲಿ ಕಂಟೇನರಿನ ತೂಕ), ಇಂಗ್ಲಿಷ್ ಬೈಬಲ್ಲಿನ ಕಳೆ ‘ಟೇರ್’ ಎರಡೂ ಒಂದೇನಾ ಅಂತ ಕೇಳಿದ್ದೆ. ಅಲ್ಲ. ಕಾಗುಣಿತ ಒಂದೇ, ಬೇರು ಬೇರೆ.

ತೂಕದ ಟೇರ್ ಅರಬ್ಬಿಯ ‘ತರ್ಹಾ’ದಿಂದ, ಅಂದರೆ ತೆಗೆದು ಹಾಕಿದ್ದು, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಒಟ್ಟು ತೂಕದಲ್ಲಿ ಟೇರ್ ಕಳೆದರೆ ನಿವ್ವಳ. ಬಾಗಿಲ ಮೇಲೆ ಗರಿಷ್ಠ 30,480 ಕೆಜಿ, ಟೇರ್ 2,230 ಎಂದಿದ್ದರೆ ಸರಕಿಗೆ ಉಳಿಯುವುದು 28,250. ಹಡಗಿಗೆ ಹತ್ತಿಸುವ ಮುನ್ನ ತುಂಬಿದ ಕಂಟೇನರಿನ ಒಟ್ಟು ತೂಕವನ್ನು ತೂಗಿ ಖಚಿತಪಡಿಸಿ ಘೋಷಿಸುವುದು 2016ರ ಜುಲೈನಿಂದ ಕಡ್ಡಾಯ. ಸರಕನ್ನಷ್ಟೇ ತೂಗಿದರೆ ಈ ಟೇರನ್ನು ಕೂಡಿಸಬೇಕು. ಪ್ಯಾಲೆಟ್, ಕಟ್ಟುವ ಹಗ್ಗ ಟೇರಿನೊಳಗಿಲ್ಲ, ಅವನ್ನು ಬೇರೆ ತೂಗಬೇಕು. ಎಡವಟ್ಟಾಗೋದು ಹೆಚ್ಚಾಗಿ ಇಲ್ಲೇ.

ಅಡುಗೆಮನೆ ತಕ್ಕಡಿಯ ‘ಟೇರ್’ ಗುಂಡಿಯೂ ಇದೇ: ಮೊದಲು ಪಾತ್ರೆ ಇಡಿ, ಅಂಕಿ ನಿಂತ ಮೇಲೆ ಒತ್ತಿ. 5 ಕೆಜಿ ತಕ್ಕಡಿಯಲ್ಲಿ 1 ಕೆಜಿ ಪಾತ್ರೆ ಇಟ್ಟು ಟೇರ್ ಒತ್ತಿದರೆ ತೂಗಲು ಸಿಗೋದು 4 ಕೆಜಿಯೇ. ಪಾತ್ರೆ ಎತ್ತಿದಾಗ ಮೈನಸ್ ಬಂದರೆ ತಕ್ಕಡಿ ಕೆಟ್ಟಿಲ್ಲ.

ಇನ್ನೊಂದು ಟೇರ್ ಮೂಲತಃ ಒಂದು ದ್ವಿದಳ ಬಳ್ಳಿಯ ಬೀಜ. ಇಂಗ್ಲಿಷ್ ಬೈಬಲ್ಲಿನ ಮತ್ತಾಯ 13ರಲ್ಲಿ ಆ ಪದ ಬೇರೆ ಗಿಡಕ್ಕೆ, ಗ್ರೀಕಿನ ‘ಜಿಜಾನಿಯಾ’ಕ್ಕೆ ಅನುವಾದವಾಗಿ ಬಂದಿದೆ, ಕನ್ನಡ ಬೈಬಲ್ಲಿನಲ್ಲಿ ‘ಹಣಜಿ’. ಈ ಹಣಜಿ ಬಳ್ಳಿಯಲ್ಲ, ತೆನೆ ಬರುವ ತನಕ ಥೇಟ್ ಗೋಧಿಯಂತೆಯೇ ಕಾಣುವ ಹುಲ್ಲು.