ಉಂಡ ಎಲೆ ಎತ್ತಿದರೆ ಸಾಕೇ?

ಸೈಬರ್ ಸೆಂಟರಿನ ಯುಪಿಎಸ್ಸು ಎರಡು ನಿಮಿಷ ಕುಂಯ್‌ಗುಟ್ಟಿ ಸುಮ್ಮನಾಯಿತು. ಒಳಗಿದ್ದವರೆಲ್ಲ ಎದುರಿನ ಟೀ ಅಂಗಡಿಗೆ ಬಂದರು. ಎಲ್ಲರಿಗಿಂತ ಮುಂದೆ ಸೀನ.

"ಲೋ, ಲಾಗೌಟ್ ಮಾಡಿ ಬಂದ್ಯೇನೋ?" ಅಂದ ಗಿರೀಶ.

"ಸಿಸ್ಟಮ್ಮೇ ಮಲಗಿದ ಮೇಲೆ ಯಾವ ಲಾಗೌಟು? ಕರೆಂಟ್ ಹೋದ್ರೆ ಎಲ್ಲಾ ತಾನಾಗೇ ಅಳಿಸಿಹೋಗುತ್ತೆ."

"ಏನೂ ಹೋಗಲ್ಲ. ನೀನು ಜಿಮೇಲ್ ಒಳಗಿದ್ದೀಯ ಅನ್ನೋದಕ್ಕೆ ಕುಕೀ ಅಂತ ಒಂದಿರುತ್ತೆ, ಅದು ಕೂತಿರೋದು ಡಿಸ್ಕಲ್ಲಿ. ಸಾಹಿತ್ಯ ಸಮ್ಮೇಳನದ ಊಟದ ಕೂಪನ್ ಇದ್ದ ಹಾಗೆ, ಯಾರ ಕೈಲಿದೆಯೋ ಅವರಿಗೆ ಎಲೆ. ಕರೆಂಟ್ ಬಂದು ಕ್ರೋಮ್ ತೆಗೆದ್ರೆ 'ರಿಸ್ಟೋರ್ ಪೇಜಸ್' ಅಂತ ಕೇಳುತ್ತೆ. ನಿನ್ನ ಕುರ್ಚಿಗೆ ಬಂದೋನು ಅದನ್ನ ಒತ್ತಿದ್ರೆ ಆಯ್ತು. ಪಾಸ್‌ವರ್ಡೂ ಬೇಡ, ಓಟಿಪಿನೂ ಬೇಡ, ನಿನ್ನ ಇನ್‌ಬಾಕ್ಸು ಅವನದು."

ಸೀನನ ಗ್ಲಾಸು ತುಟಿಯ ಹತ್ತಿರವೇ ನಿಂತಿತು.

"ಅದಕ್ಕೇ ಅಲ್ಲವೇನಯ್ಯ, ಆ ಕರಿ ಕಿಟಕಿ ಇರೋದು?" ಅಂದರು ಮೇಷ್ಟ್ರು.

"ಹೌದು ಮೇಷ್ಟ್ರೇ, ಇನ್‌ಕಾಗ್ನಿಟೋ. ಮುಚ್ಚಿದ್ರೆ ಲಾಗಿನ್ನು, ಹಿಸ್ಟರಿ ಎಲ್ಲಾ ಅಳಿಸಿಹಾಕೋ ಕಿಟಕಿ. ಕ್ರೋಮಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸಲ್ಲಾದ್ರೆ ಎನ್ ಬದಲು ಪಿ. ಕರೆಂಟ್ ಹೋದ್ರೆ ಅದು ರಿಸ್ಟೋರ್ ಆಗಲ್ಲ. ಆದ್ರೆ ಮುಚ್ಚುವಾಗ ಕರಿ ಕಿಟಕಿಗಳನ್ನೆಲ್ಲಾ ಮುಚ್ಚಬೇಕು. ಕೆಳಗೆಲ್ಲೋ ಒಂದು ಮಿನಿಮೈಸ್ ಆಗಿ ಉಳಿದಿದ್ರೂ ಲಾಗಿನ್ ಜೀವಂತ. ಇನ್ನು ಮಾಮೂಲಿ ಕಿಟಕೀಲಿ ಜಿಮೇಲ್ ತೆಗೆದ್ರೆ 'ಪಾಸ್‌ವರ್ಡ್ ಸೇವ್ ಮಾಡ್ಲಾ', 'ಸಿಂಕ್ ಆನ್ ಮಾಡ್ಲಾ' ಅಂತ ಉಪಚಾರ ಶುರುವಾಗುತ್ತೆ. ಸಿಂಕಿಗೆ ಹೂಂ ಅಂದ್ರೋ, ನಿಮ್ಮ ಅಕೌಂಟಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಆ ಸಿಸ್ಟಮ್ಮಿಗೆ ಇಳೀತವೆ."

"ಹಾಗಾದ್ರೆ ಇನ್‌ಕಾಗ್ನಿಟೋಲಿ ಏನು ನೋಡಿದ್ರೂ ಸೆಂಟರ್ ಓನರಿಗೆ ಗೊತ್ತಾಗಲ್ಲ ಅನ್ನು," ಅಂದ ಸೀನ. ಮುಖದಲ್ಲಿ ಸ್ವಲ್ಪ ಕಳೆ ಬಂತು.

"2011ರ ಸೈಬರ್ ಕೆಫೆ ನಿಯಮದ ಪ್ರಕಾರ ಯಾವ ಸೈಟು ನೋಡಿದ್ರು ಅನ್ನೋ ಲಾಗನ್ನ ಅವರು ಕನಿಷ್ಠ 1 ವರ್ಷ ಇಡಬೇಕು. ನಿನ್ನ ಕರಿ ಕಿಟಕಿ ಬ್ರೌಸರ್ ಹಿಸ್ಟರಿ ಅಳಿಸುತ್ತೇ ಹೊರತು ನೆಟ್‌ವರ್ಕಲ್ಲಿ ಬರೆದಿಟ್ಟಿದ್ದನ್ನಲ್ಲ. ಸೀಟುಗಳ ಮಧ್ಯದ ಪಾರ್ಟಿಶನ್ 4.5 ಅಡಿ ದಾಟಬಾರದು ಅಂತಾನೂ ಅದೇ ನಿಯಮದಲ್ಲಿದೆ."

"ಸರ್ಕಾರ ಸೀನನ್ನ ಅಳೆದೇ ಬರೆದಿದೆ," ಅಂದರು ಮೇಷ್ಟ್ರು. "ನೋಡಯ್ಯ, ನನಗೆ ಅರ್ಥವಾಗಿದ್ದು ಇಷ್ಟು. ಇನ್‌ಕಾಗ್ನಿಟೋ ಅಂದ್ರೆ ಉಂಡ ಎಲೆ ಎತ್ತಿ ಏಳೋದು. ಮುಂದಿನ ಪಂಕ್ತಿಯವನಿಗೆ ನಮ್ಮ ಎಂಜಲು ಕಾಣಬಾರದು, ಅಷ್ಟೇ. ಸಾರಲ್ಲೇ ವಿಷ ಬಿದ್ದಿದ್ರೆ?"

"ಅಲ್ಲೇ ಇರೋದು ಕಷ್ಟ. ಸಿಸ್ಟಮ್ಮಲ್ಲಿ ಕೀಲಾಗರ್ ಕೂತಿದ್ರೆ ಒತ್ತಿದ ಕೀ ಒತ್ತಿದ ಹಾಗೇ ದಾಖಲಾಗುತ್ತೆ. ಕಿಟಕಿ ಕರೀದಾದ್ರೇನು, ಬಿಳೀದಾದ್ರೇನು. ಕೀಬೋರ್ಡಿನ ವೈರು ಸಿಪಿಯು ಹಿಂದೆ ಚುಚ್ಚೋ ಕಡೆ, ಮಧ್ಯ ಹೆಬ್ಬೆರಳಷ್ಟು ಉದ್ದದ ತುಂಡೊಂದು ಸಿಕ್ಕಿಸಿದ್ರೆ ಅದು ಹಾರ್ಡ್‌ವೇರ್ ಕೀಲಾಗರ್ ಇರಬಹುದು, ಬಗ್ಗಿ ನೋಡಬಹುದು. ಸಾಫ್ಟ್‌ವೇರ್ ಆದ್ರೆ ಕಣ್ಣಿಗೇ ಬೀಳಲ್ಲ."

"ಸ್ಕ್ರೀನ್ ಮೇಲಿನ ಕೀಬೋರ್ಡಲ್ಲಿ ಮೌಸಿಂದ ಒತ್ತಿದ್ರೆ?"

"ಸ್ಕ್ರೀನಿನ ಫೋಟೋ ತೆಗೆಯೋ ಕೀಲಾಗರುಗಳೂ ಇವೆ ಕಣೋ. ಅದರ ಮೇಲೆ ಅಲ್ಲಿ ಓಡ್ತಿರೋದು ವಿಂಡೋಸ್ 7, ಅದಕ್ಕೆ ಮೈಕ್ರೋಸಾಫ್ಟು ರಿಪೇರಿ ಕೊಡೋದು ನಿಲ್ಲಿಸಿದ್ದು 2020ರ ಜನವರೀಲಿ. ಕ್ರೋಮೂ ಅದರಲ್ಲಿ 109ನೇ ಆವೃತ್ತಿಗೇ ನಿಂತಿದೆ. ಬ್ಯಾಂಕಿನ ಕೆಲಸ ಅಲ್ಲಿ ಬೇಡವೇ ಬೇಡ, ನಿನ್ನ ಫೋನಲ್ಲಿ, ನಿನ್ನ ಡೇಟಾದಲ್ಲಿ ಮಾಡು. ಜಿಮೇಲ್ ತೆಗೆಯಲೇಬೇಕಾಯ್ತಾ, ಮನೆಗೆ ಹೋಗಿ ಫೋನಿಂದ ಪಾಸ್‌ವರ್ಡ್ ಬದಲಾಯಿಸು."

"ನಾನು ಬಂದಿದ್ದು ಆಧಾರ್ ಪ್ರಿಂಟಿಗೆ ಮಾರಾಯ. ಅದಕ್ಕೆ ಪಾಸ್‌ವರ್ಡ್ ಬೇರೆ ಇದೆ!"

"ಇದೆ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ನಿನ್ನ ಹೆಸರು ಊರಿಗೇ ಗೊತ್ತು. ಹುಟ್ಟಿದ ವರ್ಷ ನಿನ್ನ ಮಾರ್ಕ್ಸ್ ಕಾರ್ಡಲ್ಲಿದೆ. ಅದೂ ಅದೇ ಡೌನ್‌ಲೋಡ್ಸ್ ಫೋಲ್ಡರಲ್ಲಿ ಪಕ್ಕದಲ್ಲೇ ಕೂತಿರುತ್ತೆ!"

ಮೇಷ್ಟ್ರು ನಕ್ಕ ರಭಸಕ್ಕೆ ಟೀ ಪಂಚೆ ಮೇಲೆ ಚೆಲ್ಲಿತು.

"ಡೌನ್‌ಲೋಡ್ ಆದ ಫೈಲನ್ನ ಇನ್‌ಕಾಗ್ನಿಟೋನೂ ಅಳಿಸಲ್ಲ. ಡಿಲೀಟ್ ಒತ್ತಿದ್ರೆ ರೀಸೈಕಲ್ ಬಿನ್ನಿಗೆ ಹೋಗಿ ಕೂರುತ್ತೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಬೇಕು. ಅದನ್ನೂ ವಾಪಸ್ ತೆಗೆಯೋ ಸಾಫ್ಟ್‌ವೇರ್ ಇದೆ ಅನ್ನು. ಅದಕ್ಕೇ ಮೊದಲೇ ಫೋನಲ್ಲಿ ಮಾಸ್ಕ್ಡ್ ಆಧಾರ್ ಇಳಿಸ್ಕೋ, ಮೊದಲ 8 ಅಂಕಿ ಮುಚ್ಚಿರುತ್ತೆ, ಕೊನೇ 4 ಮಾತ್ರ ಕಾಣುತ್ತೆ. ಆ ಒಂದೇ ಪಿಡಿಎಫ್ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗು, ಅಲ್ಲಿಂದಲೇ ಪ್ರಿಂಟ್ ತೆಗೆಸು. ಸೆಂಟರ್ ನಂಬರಿಗೆ ವಾಟ್ಸಾಪ್ ಮಾಡಬೇಡ. ನೀನು ನಿನ್ನ ಕಡೆ ಅಳಿಸಿದ್ರೂ ಅವರ ಸಿಸ್ಟಮ್ಮಿಗೆ ಇಳಿದಿದ್ದು ಅಲ್ಲೇ ಇರುತ್ತೆ."

"ಪೆನ್‌ಡ್ರೈವ್ ಹಾಕಿದ್ರೆ ವೈರಸ್ ಬರಲ್ವಾ?"

"ಬರುತ್ತೆ! ಮನೆಗೆ ಬಂದು ನೋಡ್ತೀಯ, ಫೋಲ್ಡರುಗಳೆಲ್ಲ ಇದ್ದ ಹಾಗೇ ಇವೆ, ಆದ್ರೆ ಪ್ರತಿಯೊಂದರ ಎಡಮೂಲೇಲಿ ಪುಟಾಣಿ ಬಾಗಿದ ಬಾಣ. ಸೈಜು 1 ಕೆಬಿ, 2 ಕೆಬಿ. ಅದು ಫೋಲ್ಡರಲ್ಲ, ಶಾರ್ಟ್‌ಕಟ್. ನಿಜವಾದ ಫೋಲ್ಡರನ್ನ ವೈರಸ್ಸು ಬಚ್ಚಿಟ್ಟಿರುತ್ತೆ. ನೀನು ಡಬಲ್ ಕ್ಲಿಕ್ ಮಾಡಿದ್ರೆ ಮೊದಲು ತನ್ನ ಸ್ಕ್ರಿಪ್ಟ್ ಓಡಿಸಿ, ಆಮೇಲೆ ಬಚ್ಚಿಟ್ಟ ಫೋಲ್ಡರನ್ನೇ ತೆಗೆದು ತೋರಿಸುತ್ತೆ. ನಿನಗೆ ಅನುಮಾನವೇ ಬರಲ್ಲ."

"ಬಂದ ಮೇಲೆ?"

"ಡಬಲ್ ಕ್ಲಿಕ್ ಮಾತ್ರ ಮಾಡಬೇಡ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡು, ಟಾರ್ಗೆಟ್ ಅನ್ನೋ ಕಡೆ ಸಿಎಂಡಿ ಅಂತಲೋ ಡಬ್ಲ್ಯೂಸ್ಕ್ರಿಪ್ಟ್ ಅಂತಲೋ ಇದ್ರೆ ಗ್ಯಾರಂಟಿ. ಶಾರ್ಟ್‌ಕಟ್ಟುಗಳನ್ನ ಡಿಲೀಟ್ ಮಾಡು. ಕಮಾಂಡ್ ಪ್ರಾಂಪ್ಟಲ್ಲಿ ಅಟ್ರಿಬ್, ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ..."

"ಇಷ್ಟು ಮೈನಸ್ಸು ಸೀನನ ಗಣಿತದ ಪೇಪರಲ್ಲೂ ಇರಲಿಲ್ಲ," ಅಂದರು ಮೇಷ್ಟ್ರು.

"...ಕೊನೆಗೆ ಡ್ರೈವಿನ ಅಕ್ಷರ, ಕೋಲನ್, ಬ್ಯಾಕ್‌ಸ್ಲ್ಯಾಶ್, ಸ್ಟಾರ್ ಡಾಟ್ ಸ್ಟಾರ್. ಬಚ್ಚಿಟ್ಟಿದ್ದೆಲ್ಲ ಎದ್ದು ಬರುತ್ತೆ. ಇದನ್ನ ಶುದ್ಧವಾಗಿರೋ ಸಿಸ್ಟಮ್ಮಲ್ಲಿ ಮಾಡಬೇಕು, ಸೆಂಟರಲ್ಲೇ ಮಾಡಿದ್ರೆ ಈ ಕಡೆ ತೊಳೀತಾ ಇದ್ರೆ ಆ ಕಡೆ ಹತ್ತುತ್ತೆ. ಒಂದೇ ಪಿಡಿಎಫ್ ಇದ್ರೆ ಇದ್ಯಾವ ರಗಳೆನೂ ಇಲ್ಲ, ಫಾರ್ಮ್ಯಾಟ್ ಹೊಡಿ, ಮುಗೀತು."

"ಮೊನ್ನೆಯಿಂದ ಇನ್ನೊಂದು ಕೇಳ್ತಿದೀನಿ," ಅಂದರು ಮೇಷ್ಟ್ರು, "ನಾನು ರೋಬಾಟ್ ಅಲ್ಲ ಅನ್ನೋದಕ್ಕೆ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೀರಿ ಅಂತಂತೆ?"

"ಎದ್ದು ಬನ್ನಿ ಮೇಷ್ಟ್ರೇ. ನಿಜವಾದ ಕ್ಯಾಪ್ಚಾ ಬಸ್ಸು, ಸಿಗ್ನಲ್ಲು ಗುರುತಿಸು ಅನ್ನುತ್ತೆ, ಕಂಪ್ಯೂಟರಿಗೆ ಕಮಾಂಡ್ ಕೊಡು ಅನ್ನಲ್ಲ. ಆ ಸೈಟು ಮೊದಲೇ ಒಂದು ಕೆಟ್ಟ ಕಮಾಂಡನ್ನ ಕಾಪಿ ಮಾಡಿಟ್ಟಿರುತ್ತೆ, ನಿಮ್ಮ ಕೈಯಿಂದಲೇ ಅದನ್ನ ಓಡಿಸುತ್ತೆ. ಹಾಲ್ ಟಿಕೆಟ್ ಅಂತ ಬಂದ ಫೈಲಿನ ಬಾಲದಲ್ಲಿ ಇಎಕ್ಸ್‌ಇ ಇದ್ರೂ ಅಷ್ಟೇ, ಅದು ಹಾಲ್ ಟಿಕೆಟ್ಟಲ್ಲ, ಓಡೋ ಪ್ರೋಗ್ರಾಮು. ವಿಂಡೋಸು ಆ ಬಾಲ ಮುಚ್ಚಿಡುತ್ತೆ, ವಿಂಡೋಸ್ 7ರಲ್ಲಾದ್ರೆ ಫೋಲ್ಡರ್ ಆಪ್ಷನ್ಸಿನ ವ್ಯೂ ಟ್ಯಾಬಲ್ಲಿ 'ಹೈಡ್ ಎಕ್ಸ್‌ಟೆನ್ಶನ್ಸ್ ಫಾರ್ ನೋನ್ ಫೈಲ್ ಟೈಪ್ಸ್' ಟಿಕ್ ತೆಗೆದ್ರೆ ಕಾಣುತ್ತೆ."

ಸೀನ ಅಷ್ಟರಲ್ಲಿ ಬೆವೆತಿದ್ದ. "ಅದೆಲ್ಲಾ ಇರ್ಲಿ, ಈಗ ನನ್ನ ಜಿಮೇಲು?"

"ಫೋನ್ ತೆಗಿ. ಸೆಟ್ಟಿಂಗ್ಸ್, ಗೂಗಲ್, ಮ್ಯಾನೇಜ್ ಅಕೌಂಟ್, ಸೆಕ್ಯುರಿಟಿ. ಕೆಳಗೆ 'ಯುವರ್ ಡಿವೈಸಸ್'. ವಿಂಡೋಸ್ ಅಂತಿರೋದನ್ನ ಒತ್ತಿ ಸೈನೌಟ್ ಮಾಡು. ವಾಟ್ಸಾಪಲ್ಲೂ ಲಿಂಕ್ಡ್ ಡಿವೈಸಸ್ ನೋಡ್ಬಿಡು, ಫೋನ್ ಆಫ್ ಇದ್ರೂ ಅದು ಆ ಕಡೆ ನಡೀತಾನೇ ಇರುತ್ತೆ."

ಸೀನ ಬೆರಳಾಡಿಸಿದ. "ಲೋ, ಇಲ್ಲಿ 5 ವಿಂಡೋಸ್ ಇದೆಯಲ್ಲೋ!"

"ಮನೇಲಿ ಕಂಪ್ಯೂಟರ್ ಇದೆಯಾ?"

"ಇಲ್ಲ."

"ಐದನ್ನೂ ಒತ್ತು."

ಐದನೆಯದು ಸೈನೌಟ್ ಆಗುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಸೀನ ನಿಟ್ಟುಸಿರು ಬಿಟ್ಟು ಇನ್ನೊಂದು ಟೀ ಹೇಳಿದ. ಸೆಂಟರಿನ ಬಾಗಿಲಿಂದ ಓನರ್ ಕೂಗಿದರು: "ಯಾರ್ರೀ ಅದು, ಮೂರನೇ ಸಿಸ್ಟಮ್ಮಲ್ಲಿ ಪೆನ್‌ಡ್ರೈವ್ ಬಿಟ್ಟು ಹೋಗಿರೋದು?"

ಸೀನ ಜೇಬು ಮುಟ್ಟಿ ನೋಡಿಕೊಂಡ.