ಕ್ಷಮಿಸಿದ ಮೇಲೂ ಸಮಾಧಾನ ಇಲ್ಲದಿದ್ದರೆ? ಆಸ್ತಿ ಜಗಳ, ಕೇಸು, ಪ್ರಾರ್ಥನೆ

ಮನೆಕೂಟ_ಹಾಸನ:
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಲೆಂಟ್ (ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ) ದಿನಗಳ ಮನೆಕೂಟಕ್ಕೆ ಕ್ಷಮೆಯ ಬಗ್ಗೆ ಪಾಠ ತಯಾರು ಮಾಡಬೇಕು. ಕೂಟಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ಅಣ್ಣ ಮೋಸದಿಂದ ಜಮೀನು ಬರೆಸಿಕೊಂಡಿದ್ದಾನೆ. ತಮ್ಮ "ಕ್ಷಮಿಸಿದ್ದೇನೆ" ಎಂದು ಪ್ರಾರ್ಥಿಸಿದರೂ ಅವನ ಮುಖ ಕಂಡರೆ ಮೈ ಉರಿಯುತ್ತದೆ. ಹಾಗಾದರೆ ಆ ಕ್ಷಮೆ ಸುಳ್ಳೇ? ಕೇಸು ವಾಪಸು ತೆಗೆದುಕೊಳ್ಳಬೇಕೇ? ದೇವರಲ್ಲಿ ಭರವಸೆ ಇಟ್ಟವರಿಗೆ ಸಿಗುವ ಸಂತೋಷ ಎಲ್ಲಿ ಹೋಯಿತು? ವಾಕ್ಯದ ಜೊತೆಗೆ ಮಾಡಿ ನೋಡುವಂಥ ಕ್ರಮ ಹೇಳಿ. ಪ್ರಸಂಗ ಬೇಡ.

ಲೆಕ್ಕದಮೇಷ್ಟ್ರು:
ಮತ್ತಾಯ 18ರ ಸಾಲದ ಸಾಮ್ಯದಿಂದ ಶುರು ಮಾಡಿ: ಅರಸನಿಂದ ತನ್ನ ಸಾಲ ಮನ್ನಾ ಮಾಡಿಸಿಕೊಂಡ ಆಳು, ತನಗೆ ಸಾಲ ಕೊಡಬೇಕಿದ್ದ ಜೊತೆಯಾಳನ್ನು ಸೆರೆಗೆ ಹಾಕಿಸಿದ ಕಥೆ. ಲೆಕ್ಕವನ್ನು ಬೋರ್ಡಿನ ಮೇಲೇ ಬರೆಯಿರಿ. ಒಂದು ದೀನಾರು ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು 6,000 ದೀನಾರು. ಆಳು ಅರಸನಿಗೆ ತೀರಿಸಬೇಕಿದ್ದ 10,000 ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ಜೊತೆಯಾಳು ಅವನಿಗೆ ಕೊಡಬೇಕಿದ್ದದ್ದು 100 ದೀನಾರು. ಪ್ರಸಂಗಗಳಲ್ಲಿ ಈ ನೂರನ್ನು ಚಿಲ್ಲರೆ ಕಾಸು ಅಂತ ತಳ್ಳಿಹಾಕುವುದುಂಟು, ಅದು ಸರಿಯಲ್ಲ. ಮೂರು ತಿಂಗಳಿಗೂ ಮೀರಿದ ದುಡಿಮೆ ಅದು. ಯೇಸು ಎಲ್ಲೂ ಆ ನಷ್ಟವನ್ನು ಸಣ್ಣದು ಅನ್ನಲಿಲ್ಲ. ಅದಕ್ಕಿಂತ ದೊಡ್ಡ ಮನ್ನಾ ನಿನಗಾಗಿದೆ ಅಂದ, ಅಷ್ಟೆ.

ಕ್ಷಮೆ ಕೆಡುವುದು ಇಲ್ಲೇ. "ಇರಲಿ ಬಿಡಿ, ಏನಾಯ್ತೀಗ" ಅಂತ ಹಾರಿಕೆಯಲ್ಲಿ ಮುಗಿಸಿದರೆ ಎಷ್ಟು ಸಾಲ ಮನ್ನಾ ಆಯಿತೆಂದೇ ತಿಳಿಯುವುದಿಲ್ಲ. ಒಂದು ಹಾಳೆಯಲ್ಲಿ ಬಿಡಿಬಿಡಿಯಾಗಿ ಬರೆಯಲಿ: ಹೋದ ಎಕರೆ-ಗುಂಟೆ, ಹಾಸಿಗೆ ಹಿಡಿದಿದ್ದ ಅಪ್ಪನಿಂದ ಹಾಕಿಸಿಕೊಂಡ ಹೆಬ್ಬೆಟ್ಟು, ಕ್ರಿಸ್ಮಸ್ಸಿಗೂ ಕರೆಯದೆ ಬಿಟ್ಟದ್ದು. ಒಂದು ಸಲಕ್ಕೆ ಒಂದೆರಡು ಸಾಲು ಸಾಕು. ಪ್ರತಿ ಸಾಲಿಗೂ, "ಇದರ ಸೇಡು ನಾನು ತೀರಿಸುವುದಿಲ್ಲ, ತೀರ್ಪು ನಿನ್ನದು" ಎಂದು ದೇವರಿಗೆ ಒಪ್ಪಿಸಲಿ (ರೋಮಾ. 12:19). ಆಮೇಲೆ ಹಾಳೆ ಹರಿದುಹಾಕಲಿ. ಸಿಟ್ಟು ಮತ್ತೆ ಬಂದರೆ ಮೊದಲಿನ ಕ್ಷಮೆ ಸುಳ್ಳಾಯಿತು ಎಂದಲ್ಲ, ಅದೇ ಸಾಲನ್ನು ಮತ್ತೊಮ್ಮೆ ಒಪ್ಪಿಸಬೇಕು. ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದ ಪೇತ್ರನಿಗೆ ಯೇಸು ಹೇಳಿದ "ಏಳೆಪ್ಪತ್ತು ಸಲ" ಎಂಬ ಮಾತು ಒಂದೇ ಗಾಯಕ್ಕೂ ಅನ್ವಯಿಸುತ್ತದೆ.

ಒಂದು ಎಚ್ಚರ: ತಪ್ಪು ಒಪ್ಪದವನ ಮನೆಗೆ ಹೋಗಿ "ನಿನ್ನನ್ನು ಕ್ಷಮಿಸಿದ್ದೇನೆ" ಅನ್ನಬಾರದು. ಅವನ ಕಿವಿಗೆ ಅದು ಇನ್ನೊಂದು ಆರೋಪ.

ಪಹಣಿ_ಓದುಗ:
ಕೇಸಿನ ವಿಷಯ. ಕ್ಷಮಿಸುವುದು, ರಾಜಿಯಾಗುವುದು, ಮತ್ತೆ ನಂಬುವುದು, ಈ ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಒಬ್ಬ ಸಾಕು. ಎರಡನೆಯದಕ್ಕೆ ಇಬ್ಬರೂ ಬೇಕು, ಲೂಕ 17:3 ಪಶ್ಚಾತ್ತಾಪವನ್ನೂ ಕೇಳುತ್ತದೆ. ಮೂರನೆಯದಕ್ಕೆ ಕಾಲ ಬೇಕು. ಆದಿಕಾಂಡದ ಯೋಸೇಫನನ್ನೇ ನೋಡಿ, ದಾಸನಾಗಿ ಮಾರಲ್ಪಟ್ಟು ಐಗುಪ್ತದಲ್ಲಿ ಅಧಿಕಾರಿಯಾದವನು. 20 ಬೆಳ್ಳಿ ನಾಣ್ಯಕ್ಕೆ ಮಾರಿದ ಅಣ್ಣಂದಿರು ಧಾನ್ಯಕ್ಕೆಂದು ಬಂದಾಗ ಅವನು ತಟ್ಟನೆ ಗುರುತು ಹೇಳಲಿಲ್ಲ. ಅವರಲ್ಲೊಬ್ಬನಾದ ಸಿಮೆಯೋನನನ್ನು ಸೆರೆಯಲ್ಲಿಟ್ಟ, ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬಟ್ಟಲು ಇಡಿಸಿ ಕಳ್ಳತನ ಹೊರಿಸಿದ, ತಮ್ಮನಿಗೆ ಬದಲು ತಾನು ದಾಸನಾಗುತ್ತೇನೆ ಎಂದು ಅಣ್ಣ ಯೆಹೂದ ಮುಂದೆ ಬರುವವರೆಗೆ ಕಾದ. ಇಷ್ಟಾಗಿಯೂ, ತಂದೆ ಯಾಕೋಬ ಐಗುಪ್ತದಲ್ಲಿ 17 ವರ್ಷ ಬಾಳಿ ತೀರಿಕೊಂಡ ಮೇಲೆ, ಆ ಅಣ್ಣಂದಿರಿಗೆ "ಇನ್ನು ಸೇಡು ತೀರಿಸುತ್ತಾನೆ" ಎಂಬ ಭಯವೇ (ಆದಿಕಾಂಡ 50:15). ಕ್ಷಮೆ ಪಡೆದವರಿಗೂ ಅದನ್ನು ನಂಬಲು ಅಷ್ಟು ಕಾಲ ಹಿಡಿಯಿತು!

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಸುಟ್ಟು ಕೊಂದಾಗ ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು, ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ವಿಚಾರಣೆ ಮಾತ್ರ ನಿಲ್ಲಲಿಲ್ಲ; ಮುಖ್ಯ ಆರೋಪಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆಯೂ ಕಾನೂನೂ ಒಂದನ್ನೊಂದು ತಿನ್ನುವುದಿಲ್ಲ.

ಹಾಗಂತ ವಿಶ್ವಾಸಿಗಳಿಬ್ಬರ ಆಸ್ತಿ ಜಗಳಕ್ಕೆ 1 ಕೊರಿಂಥ 6 ಸಡಿಲ ಬಿಡುವುದಿಲ್ಲ; ಸಹೋದರರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಅದು ಖಂಡಿಸುತ್ತದೆ. ಮೊದಲು ಇಬ್ಬರೇ ಮಾತಾಡಿ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಡನೆ, ಆಮೇಲೆ ಸಭೆಗೆ (ಮತ್ತಾಯ 18:15-17). ಆದರೆ ಮೋಸದ ಪತ್ರ ರದ್ದು ಮಾಡಿಸುವ ದಾವೆಗೆ ವಿಷಯ ತಿಳಿದಂದಿನಿಂದ 3 ವರ್ಷದ ಗಡುವಿದೆ. "ದೇವರು ನೋಡಿಕೊಳ್ಳುತ್ತಾನೆ" ಎಂದು ಕೂತು ಅದನ್ನು ಮೀರಿಸಿಕೊಂಡರೆ ಅದಕ್ಕೆ ಭರವಸೆ ಅನ್ನಲಾಗದು. ದಾವೆ ಹಾಕಿದ ಮೇಲೂ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು, ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಇನ್ನು ಹೊಡೆತ-ಬಡಿತದ ಮನೆಗೆ ಹೆಂಗಸನ್ನು "ಕ್ಷಮಿಸಿ ಹೋಗಮ್ಮ" ಎಂದು ಕಳಿಸಲು ಯಾವ ವಾಕ್ಯವೂ ಇಲ್ಲ.

ಕೀರ್ತನೆ13:
ಸಂತೋಷದ ಪ್ರಶ್ನೆಗೆ ಯಾರೂ ಬರಲಿಲ್ಲ. 13ನೇ ಕೀರ್ತನೆ ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂಬ ದೂರು ನಾಲ್ಕು ಸಲ, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ ಮತ್ತು ಹಾಡು. ನಮ್ಮ ಕೂಟಗಳಲ್ಲಿ ದೂರನ್ನು ಅವಿಶ್ವಾಸ ಅಂದುಕೊಂಡು ನೇರವಾಗಿ ಹಾಡಿಗೆ ಹಾರುತ್ತೇವೆ. ಹಾಡು ಗಂಟಲಿನಿಂದ ಕೆಳಗಿಳಿಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಇದೇ ಕ್ರಮದಲ್ಲಿ, ಬಾಯಿಬಿಟ್ಟು ಪ್ರಾರ್ಥಿಸಲಿ. ಕೊನೆಗೆ ಅಣ್ಣನ ಹೆಸರೆತ್ತಿ ಒಂದೇ ಒಂದು ಖಚಿತ ಒಳಿತನ್ನು ಬೇಡಲಿ (ಮತ್ತಾಯ 5:44): ಅವನ ಮಗಳ ಪರೀಕ್ಷೆ, ಅವನ ಮಂಡಿನೋವು. "ಅವನಿಗೆ ಬುದ್ಧಿ ಕೊಡು ಕರ್ತನೇ" ಲೆಕ್ಕಕ್ಕಿಲ್ಲ. ತಪಸ್ಸುಕಾಲದ 40 ದಿನ ಇದಕ್ಕೆ ಹೇಳಿಮಾಡಿಸಿದ ಅವಧಿ. ಕಥೋಲಿಕರಾದರೆ ತಮ್ಮ ಹಗೆಯನ್ನು ಪಾಪನಿವೇದನೆಯಲ್ಲಿ ಹೇಳಲಿ, ಅಣ್ಣನ ಪಾಪವನ್ನಲ್ಲ. ಗುರುಗಳು ಬಹಳ ಸಲ ತಿದ್ದಬೇಕಾಗುವುದು ಇದನ್ನೇ.

ಹೆಚ್ಚು ಹಾಳು ಮಾಡುವುದು "ಪ್ರಾರ್ಥನಾ ವಿಷಯ" ಎಂದು ವಾಟ್ಸಾಪ್ ಗುಂಪಿನಲ್ಲಿ ಜಗಳದ ವಿವರ ಹಾಕುವುದು. ನೂರು ಜನ "ಆಮೆನ್" ಹಾಕುವ ಹೊತ್ತಿಗೆ ಸುದ್ದಿ ಅಣ್ಣನ ಮನೆ ತಲುಪಿರುತ್ತದೆ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರನ್ನು ಡಾಕ್ಟರ ಬಳಿ ಕರೆದೊಯ್ಯಿರಿ, ಉಪವಾಸ ಮಾಡಿಸಬೇಡಿ.

ಮನೆಕೂಟ_ಹಾಸನ:
ತುಂಬಾ ಉಪಯೋಗವಾಯಿತು. ಕೊನೆಯದೊಂದು: ಮೋಸ ಮಾಡಿದವರು ತೀರಿಹೋಗಿದ್ದರೆ?

ಪಹಣಿ_ಓದುಗ:
ರಾಜಿ ಸಾಧ್ಯವಿಲ್ಲ, ಕ್ಷಮೆ ಸಾಧ್ಯ. ಮೇಷ್ಟ್ರು ಹೇಳಿದ ಹಾಳೆಯೇ ಸಾಕು. ನವೆಂಬರ್ 2ರಂದು, ಅಂದರೆ ಮೃತರ ಸ್ಮರಣೆಯ ದಿನ, ಸಮಾಧಿಗೆ ಹೋಗುವ ರೂಢಿ ಇದ್ದವರು ಅಲ್ಲೇ ಅದನ್ನು ಓದಿ ಮುಗಿಸಬಹುದು. ಆ ನೆಪದಲ್ಲಿ ಎರಡೂ ಮನೆಯ ಮಕ್ಕಳ ಕೈಕೈ ಹಿಡಿಸಿ ಫೋಟೋ ತೆಗೆಸಬೇಡಿ, ಪಾಲಿನ ಮಾತು ಬೇರೆ ದಿನ ಕೂತು ಆಡಲಿ.