ಕುಂಡದ ಹಣ್ಣಿನ ಗಿಡ: ಹುಳವೋ, ರೋಗವೋ, ನೀರಿನ ತೊಂದರೆಯೋ?

ಕುವೆಂಪುನಗರ, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯಲ್ಲಿ ದೊಡ್ಡ ಕುಂಡಗಳಲ್ಲಿ ನಿಂಬೆ, ಸೀಬೆ, ದಾಳಿಂಬೆ ಬೆಳೆಸಿದ್ದೇನೆ. ಈಗ ಮೂರಕ್ಕೂ ಏನೋ ಆಗಿದೆ. ನಿಂಬೆಯ ಚಿಗುರೆಲ್ಲ ಮುದುಡಿದೆ, ಎಲೆ ಮೇಲೆ ಬೆಳ್ಳಿ ಬಣ್ಣದ ಗೆರೆಗಳಿವೆ, ಕೆಲವು ಎಲೆ ಹಳದಿಯಾಗಿವೆ. ಸೀಬೆ ಎಲೆಯ ಹಿಂಭಾಗದಲ್ಲಿ ಹತ್ತಿಯಂಥದ್ದು ಅಂಟಿಕೊಂಡಿದೆ, ಮೇಲ್ಭಾಗ ಕಪ್ಪಾಗಿದೆ. ದಾಳಿಂಬೆ ಕಾಯಿ ಸೀಳುತ್ತಿವೆ. ಅಂಗಡಿಯಲ್ಲಿ ಒಂದು ಬಾಟಲಿ ಕೊಟ್ಟು ಮೂರಕ್ಕೂ ಹೊಡೆಯಿರಿ ಅಂದರು. ಮನೆಯಲ್ಲಿ ಪುಟ್ಟ ಮಗಳಿದ್ದಾಳೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು. ಹಾಗಾಗಿ ಹೊಡೆಯಲು ಮನಸ್ಸು ಬರುತ್ತಿಲ್ಲ. ಯಾವುದು ಏನು ಅಂತ ನೋಡಿಯೇ ತಿಳಿಯುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸರಸ್ವತಿಪುರಂ, ಮೈಸೂರು:

ಮೇಡಂ, ಆ ಬಾಟಲಿಯ ಮುಚ್ಚಳ ತೆಗೆಯಬೇಡಿ. ನೀವು ಹೇಳಿದ್ದು ಮೂರು ಬೇರೆ ಬೇರೆ ತೊಂದರೆ. ಒಂದೇ ಔಷಧಿ ಮೂರಕ್ಕೂ ಆಗುವುದಿಲ್ಲ. ನನಗೆ ನಿಂಬೆ, ಗಜನಿಂಬೆ, ಮೂಸಂಬಿ ಸಾಕಿದ ಅನುಭವ ಜಾಸ್ತಿ. ಅದನ್ನು ಹೇಳುತ್ತೇನೆ, ಉಳಿದದ್ದನ್ನು ಬಲ್ಲವರು ಹೇಳಲಿ.

ಬೆಳ್ಳಿ ಗೆರೆ ಅಂದಿರಲ್ಲ, ಅದು ರಂಗೋಲಿ ಹುಳ. ಒಂದು ಸಣ್ಣ ಪತಂಗ ಎಳೆ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಎಲೆಯ ಪೊರೆಯ ಕೆಳಗೆ ಹೊಕ್ಕು ತಿನ್ನುತ್ತಾ ಹೋಗುತ್ತದೆ. ಅದು ಹೋದ ದಾರಿಯೇ ಆ ಗೆರೆ. ಎಲೆಯನ್ನು ಬೆಳಕಿಗೆ ಹಿಡಿದರೆ ಗೆರೆಯ ತುದಿಯಲ್ಲಿ ಹುಳ ಕಾಣುತ್ತದೆ. ಎಲೆ ಮುದುಡಿದ ಮೇಲೆ ಮೇಲಿಂದ ಏನು ಹೊಡೆದರೂ ಒಳಗಿರುವ ಹುಳಕ್ಕೆ ಸರಿಯಾಗಿ ತಾಗುವುದಿಲ್ಲ. ಬಲಿತ ಎಲೆಗೆ ಇದು ಬರುವುದೂ ಇಲ್ಲ. ಹಾಗಾಗಿ ಮುಂದಿನ ಚಿಗುರು ಉಗುರಿನಷ್ಟು ಇರುವಾಗಲೇ ಬೇವಿನೆಣ್ಣೆ ಸಿಂಪಡಿಸಿ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು ಸ್ವಲ್ಪ ಸೋಪಿನ ದ್ರಾವಣ. ಸಂಜೆ ಬಿಸಿಲು ಇಳಿದ ಮೇಲೆ ಹೊಡೆಯಬೇಕು. ಮಧ್ಯಾಹ್ನ ಹೊಡೆದರೆ ಎಲೆ ಸುಟ್ಟು ಹೋಗುತ್ತದೆ, ಆಮೇಲೆ ಅದನ್ನೇ ಇನ್ನೊಂದು ರೋಗ ಅಂದುಕೊಳ್ಳುತ್ತೀರಿ.

ಮುದುಡಿದ ಎಲೆಗಳನ್ನೆಲ್ಲ ಕಿತ್ತು ಗಿಡ ಬೋಳು ಮಾಡಬೇಡಿ. ಸೊಟ್ಟಗಿದ್ದರೂ ಅವು ಗಿಡಕ್ಕೆ ಊಟ ಮಾಡಿ ಹಾಕುತ್ತಿರುತ್ತವೆ. ಆದರೆ ಒಂದು ವಿಷಯ ಗಮನಿಸಿ. ಈ ಹುಳ ಮಾಡಿದ ಗಾಯದಿಂದಲೇ ಕಜ್ಜಿ ರೋಗ ಸುಲಭವಾಗಿ ಒಳಗೆ ಬರುತ್ತದೆ. ಕಜ್ಜಿಯ ಚುಕ್ಕೆ ಕಂದು ಬಣ್ಣ, ಸುತ್ತ ಹಳದಿ ಉಂಗುರ. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಗೊತ್ತಾಗುತ್ತದೆ, ಅಷ್ಟು ಒರಟು. ಎಲೆಯ ಎರಡೂ ಕಡೆ ಉಬ್ಬಿರುತ್ತದೆ. ಅದು ಬ್ಯಾಕ್ಟೀರಿಯಾದ ಕೆಲಸ, ಮಳೆಹನಿ ಸಿಡಿದು ಹರಡುತ್ತದೆ. ಅಂಥ ಎಲೆ, ಕಡ್ಡಿಗಳನ್ನು ಮಾತ್ರ ಕತ್ತರಿಸಿ ಸುಟ್ಟುಬಿಡಿ. ಪೈಪ್ ಹಿಡಿದು ತಲೆ ಮೇಲಿಂದ ನೀರು ಹಾಕುವುದನ್ನು ನಿಲ್ಲಿಸಿ, ಬುಡಕ್ಕೆ ಹಾಕಿ.

ಇನ್ನು ಹಳದಿ. ಯಾವ ಎಲೆ ಹಳದಿಯಾಗಿದೆ ಅಂತ ನೀವು ಹೇಳಲಿಲ್ಲ, ಗುಟ್ಟು ಇರುವುದೇ ಅಲ್ಲಿ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲುತ್ತಿಲ್ಲ. ಹಳೆಯ ಎಲೆಯ ತೊಟ್ಟಿನ ಹತ್ತಿರ ಮಾತ್ರ ತ್ರಿಕೋನದಂತೆ ಹಸಿರು ಉಳಿದಿದ್ದರೆ ಮೆಗ್ನೀಸಿಯಂ ಕಡಿಮೆ. ಹೊಸ ಎಲೆಯಲ್ಲಿ ನರಗಳು ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಈ ಕೊನೆಯದನ್ನು ತುಂಬ ನೋಡಿದ್ದೇನೆ. ಗಡಸು ನೀರಿನ ಸುಣ್ಣದ ಅಂಶ ಕುಂಡದಲ್ಲಿ ಸೇರುತ್ತಾ ಹೋದಂತೆ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕೆಲವರು ತುಕ್ಕು ಮೊಳೆ ಹೂತಿಡುತ್ತಾರೆ. ಅಂಥ ಮಣ್ಣಿನಲ್ಲಿ ಅದರಿಂದ ಉಪಯೋಗವಿಲ್ಲ. ಮಳೆ ನೀರು ಹಿಡಿದಿಟ್ಟು ಹಾಕಿ, ಇಲ್ಲವೇ ಕಾವೇರಿ ನೀರು ಹಾಕಿ. ಕೊರತೆ ಜಾಸ್ತಿಯಿದ್ದರೆ ಚೀಲೇಟೆಡ್ ಕಬ್ಬಿಣ ಅಂತ, ಅಂದರೆ ಬೇರು ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ.

ಗಿಡವೆಲ್ಲ ಜೋತುಬಿದ್ದು ಹಳದಿಯಾಗಿದೆ, ಆದರೆ ಮಣ್ಣು ಮಾತ್ರ ಒದ್ದೆ. ಹೀಗಿದ್ದರೆ ಎಲೆ ನೋಡಿದ್ದು ಸಾಕು, ಬೇರು ನೋಡಿ. ಕುಂಡದ ತಳದ ತೂತು ಕಟ್ಟಿಕೊಂಡಿರುತ್ತದೆ. ಕೊಳೆತ ಬೇರು ಕಪ್ಪಗೆ, ಮೆತ್ತಗೆ ಇರುತ್ತದೆ, ವಾಸನೆ ಬರುತ್ತದೆ. ಚೆನ್ನಾಗಿರುವ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ.

ಮಂಡ್ಯ:

ಅಕ್ಕ, ಸೀಬೆ ವಿಚಾರ ನಾನು ಹೇಳುತ್ತೇನೆ. ಎಲೆಯ ಹಿಂದಿನ ಬಿಳಿಯದು ಎರಡು ಥರ ಇರಬಹುದು. ಗಿಡವನ್ನು ಸ್ವಲ್ಪ ಅಲ್ಲಾಡಿಸಿ. ಪುಟಪುಟ ಅಂತ ಬಿಳಿ ನೊಣ ಹಾರಿ ಮತ್ತೆ ಅಲ್ಲೇ ಕೂತರೆ ಅದು ಬಿಳಿ ನೊಣ. ಸೀಬೆಗೆ ಬರುವ ಒಂದು ಜಾತಿ ಎಲೆ ಹಿಂದೆ ಸುರುಳಿ ಸುರುಳಿಯಾಗಿ ಮೇಣದ ಗೆರೆ ಬಿಡಿಸಿ ಮೊಟ್ಟೆ ಇಡುತ್ತದೆ. ಏನೂ ಹಾರದೆ, ಎಲೆಯ ಸಂದಿಯಲ್ಲಿ, ಕಾಯಿಯ ತೊಟ್ಟಿನಲ್ಲಿ ಹಿಟ್ಟು ಮೆತ್ತಿದಂತೆ ಗುಂಪು ಕೂತಿದ್ದರೆ ಹಿಟ್ಟು ತಿಗಣೆ.

ಎರಡೂ ರಸ ಹೀರಿ ಸಿಹಿ ಅಂಟು ಸುರಿಸುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅಂದರೆ ಕಪ್ಪು ನಿಮ್ಮ ಗಿಡದ ರೋಗವಲ್ಲ, ಹುಳ ಹೋದರೆ ಅದೂ ಹೋಗುತ್ತದೆ. ಅದಕ್ಕೆ ಅಂತ ಬೇರೆ ಶಿಲೀಂಧ್ರನಾಶಕ ತರಬೇಡಿ. ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ಆಲೆಮನೆ ಹತ್ತಿರ ಇರುವವರಿಗೆ ಕರಿ ಹಾರಿ ಬಂದು ಎಲೆ ಮೇಲೆ ಕೂರುತ್ತದೆ. ಅದು ಒಣ ಬಟ್ಟೆಯಲ್ಲಿ ಒರೆಸಿದರೆ ಬಂತು, ಕೆಳಗೆ ಅಂಟು ಇರುವುದಿಲ್ಲ. ಬೂಷ್ಟಿನ ಎಲೆ ಕೈಗೆ ಅಂಟಂಟು.

ಇರುವೆ ಸಾಲು ಹತ್ತುತ್ತಿದೆಯಾ ನೋಡಿ. ಇರುವೆ ಆ ಸಿಹಿ ಅಂಟಿಗೋಸ್ಕರ ತಿಗಣೆಗಳನ್ನು ಕಾಯುತ್ತದೆ, ಅವನ್ನು ತಿನ್ನಲು ಬಂದ ಹುಳಗಳನ್ನು ಓಡಿಸುತ್ತದೆ. ಇರುವೆ ತಡೆದರೆ ಅರ್ಧ ಕೆಲಸ ಮುಗಿಯಿತು. ಕುಂಡವನ್ನು ಇಟ್ಟಿಗೆ ಮೇಲೆ ಇಟ್ಟು, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿ ಇಡಿ. ಕೊಂಬೆ ಗೋಡೆಗೆ ತಾಗದಿರಲಿ. ತಟ್ಟೆಯ ನೀರು ಆಗಾಗ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತವೆ. ಆಮೇಲೆ ಪೈಪಿನಿಂದ ಎಲೆ ಹಿಂದಕ್ಕೆ ಜೋರಾಗಿ ನೀರು ಹೊಡೆಯಿರಿ. ಉಳಿದದ್ದನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ. ಒಂದು ಸಲಕ್ಕೆ ಮುಗಿಯುವುದಿಲ್ಲ, ಮೊಟ್ಟೆ ಉಳಿದಿರುತ್ತವೆ. ವಾರಕ್ಕೊಮ್ಮೆ ಮಾಡುತ್ತಿರಬೇಕು.

ಒರೆಸುವ ಮುಂಚೆ ಒಂದು ನಿಮಿಷ ನೋಡಿ. ತಿಗಣೆಗಿಂತ ದೊಡ್ಡದು, ಮೈಮೇಲೆ ಉದ್ದುದ್ದ ಬಿಳಿ ಎಳೆ, ಮುಟ್ಟಿದರೆ ಚುರುಕಾಗಿ ಓಡುವ ಹುಳ ಕಂಡರೆ ಕೊಲ್ಲಬೇಡಿ. ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳದ ಮರಿ. ನೋಡಲು ತಿಗಣೆಯಂತೆಯೇ ಇರುತ್ತದೆ, ಅದಕ್ಕೇ ಜನ ಅದನ್ನೂ ಸಾಯಿಸುತ್ತಾರೆ.

ಪಪ್ಪಾಯಿ ಮತ್ತು ಹಿಪ್ಪುನೇರಳೆಗೆ ಹಿಟ್ಟು ತಿಗಣೆ ಬಿದ್ದಿದ್ದು ರೇಷ್ಮೆ ಸಾಕುವವರಿಗೆಲ್ಲ ನೆನಪಿರುತ್ತದೆ. ಔಷಧಿ ಹೊಡೆದ ಸೊಪ್ಪನ್ನು ರೇಷ್ಮೆ ಹುಳಕ್ಕೆ ಹಾಕುವಂತಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಅಸೆರೋಫೇಗಸ್ ಅನ್ನುವ ಚಿಕ್ಕ ಕಣಜ ತರಿಸಿ ಬಿಟ್ಟ ಮೇಲೆ ಆ ತಿಗಣೆ ಹತೋಟಿಗೆ ಬಂತು. ಅಂಥ ಕಣಜಗಳು ನಮ್ಮ ತಾರಸಿಗೂ ಬರುತ್ತವೆ. ಕಂಡಕಂಡಿದ್ದಕ್ಕೆಲ್ಲ ವಿಷ ಹೊಡೆದರೆ ಮೊದಲು ಸಾಯುವುದು ಅವೇ.

ನಿಂಬೆ ಬಗ್ಗೆ ಮೇಲೆ ಹೇಳಿದವರ ಮಾತಿಗೆ ಒಂದು ಚಿಕ್ಕ ಸೇರ್ಪಡೆ. ಗಿಡ ಚೆನ್ನಾಗಿ ಬೆಳೆದಿದ್ದು, ಒಂದೆರಡು ಚಿಗುರಿಗಷ್ಟೇ ರಂಗೋಲಿ ಹುಳ ಬಿದ್ದಿದ್ದರೆ ನಾನು ಆ ಚಿಗುರನ್ನು ಚಿವುಟಿ ಹಾಕುತ್ತೇನೆ. ಸಣ್ಣ ಗಿಡವಾದರೆ ಅವರು ಹೇಳಿದ್ದೇ ಸರಿ.

ಶ್ರೀರಂಗಪಟ್ಟಣ:

ದಾಳಿಂಬೆ ಸೀಳಿದ ಜಾಗವನ್ನು ಹತ್ತಿರದಿಂದ ನೋಡಿ ಮೇಡಂ. ಸಿಪ್ಪೆ ಚೊಕ್ಕವಾಗಿದ್ದು ಸುಮ್ನೆ ಬಿರಿದಿದ್ದರೆ ನೀರಿನ ಏರುಪೇರು. ಕುಂಡ ಪೂರ್ತಿ ಒಣಗಿ, ಆಮೇಲೆ ಒಮ್ಮೆಲೇ ತುಂಬ ನೀರು ಬಿದ್ದರೆ ಒಳಗಿನ ಕಾಳು ಉಬ್ಬುತ್ತದೆ, ಸಿಪ್ಪೆ ತಡೆಯುವುದಿಲ್ಲ. ಬೇಸಿಗೆ ಮುಗಿದು ಮೊದಲ ಜೋರು ಮಳೆ ಬಂದಾಗ ಇದು ಜಾಸ್ತಿ. ಬುಡಕ್ಕೆ ಒಣ ಎಲೆ ಹೊದಿಸಿ, ನೀರು ಒಂದೇ ಸಮ ಕೊಡಿ.

ಸಿಪ್ಪೆ ಮೇಲೆ ಎಣ್ಣೆ ಅಂಟಿದಂಥ ಕಪ್ಪು ಮಚ್ಚೆ ಇದ್ದು, ಆ ಮಚ್ಚೆಯ ಮಧ್ಯದಿಂದಲೇ ಬಿರುಕು ಬಿಟ್ಟಿದ್ದರೆ ಅದು ದುಂಡಾಣು ಅಂಗಮಾರಿ, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ರೋಗ. ಇದು ಗಂಭೀರ. ಎಲೆ, ಕಡ್ಡಿಯ ಮೇಲೂ ಮಚ್ಚೆ ಇರುತ್ತದೆ. ಅಂಥ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಕತ್ತರಿಯನ್ನು ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸಿ.

ಕಾಯಿಯಲ್ಲಿ ದುಂಡನೆಯ ತೂತು, ತೂತಿನ ಬಾಯಲ್ಲಿ ಹಿಕ್ಕೆ, ಕೆಟ್ಟ ವಾಸನೆ ಇದ್ದರೆ ಕಾಯಿ ಕೊರೆಯುವ ಹುಳ. ಒಂದು ಚಿಟ್ಟೆಯ ಮರಿ ಅದು. ಒಳಗೆ ಹೋದ ಮೇಲೆ ಏನೂ ಮಾಡಲಾಗದು. ಮುಂದಿನ ಕಾಯಿ ಚಿಕ್ಕದಿರುವಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ.

ಕುವೆಂಪುನಗರ, ಮೈಸೂರು:

ತುಂಬ ಧನ್ಯವಾದಗಳು. ಈಗಷ್ಟೇ ಹೋಗಿ ನೋಡಿ ಬಂದೆ. ಸೀಬೆಯಲ್ಲಿ ಏನೂ ಹಾರಲಿಲ್ಲ, ಇರುವೆ ಸಾಲು ಇದೆ. ನಿಂಬೆಯಲ್ಲಿ ಹಳದಿಯಾಗಿರುವುದು ಹೊಸ ಎಲೆ, ನರ ಹಸಿರಾಗೇ ಇದೆ. ನಮ್ಮದು ಬೋರ್ ನೀರೇ. ದಾಳಿಂಬೆಯ ಒಂದು ಕಾಯಿ ಚೊಕ್ಕವಾಗಿದೆ, ಇನ್ನೊಂದರಲ್ಲಿ ಕಪ್ಪು ಮಚ್ಚೆ ಇದೆ, ಎಣ್ಣೆಯಂತೆ ಕಾಣುತ್ತದೋ ಇಲ್ಲವೋ ಹೇಳಲಾರೆ. ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದೂ ಕಂಡಿತು, ಅದು ನಿಧಾನವಾಗಿ ಅಲುಗಾಡಿತು!

ಸರಸ್ವತಿಪುರಂ, ಮೈಸೂರು:

ಅಲುಗಾಡಿದರೆ ಅದು ನಿಂಬೆ ಚಿಟ್ಟೆಯ ಮರಿ. ದೊಡ್ಡದಾದ ಮೇಲೆ ಹಸಿರಾಗುತ್ತದೆ, ಆಗ ಹುಡುಕುವುದು ಕಷ್ಟ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ, ಕಚ್ಚುವುದಿಲ್ಲ. ನಾಲ್ಕಾರು ಸೇರಿದರೆ ಚಿಕ್ಕ ಗಿಡವನ್ನು ಬೋಳು ಮಾಡುತ್ತವೆ. ಕೈಯಲ್ಲೇ ತೆಗೆಯಿರಿ. ಹತ್ತಿರದಲ್ಲಿ ಕರಿಬೇವಿನ ದೊಡ್ಡ ಮರ ಇದ್ದರೆ ಅಲ್ಲಿಗೆ ಬಿಟ್ಟುಬಿಡಿ, ಅದರ ಎಲೆಯನ್ನೂ ತಿನ್ನುತ್ತವೆ. ಮಗಳಿಗೆ ಚಿಟ್ಟೆ ತೋರಿಸಿದಂತೆಯೂ ಆಗುತ್ತದೆ.

ಶ್ರೀರಂಗಪಟ್ಟಣ:

ಆ ಮಚ್ಚೆಯ ಕಾಯಿಯನ್ನು ಊಹೆಗೆ ಬಿಡಬೇಡಿ. ಕಾಯಿ, ಜೊತೆಗೆ ಮಚ್ಚೆಯಿರುವ ಎಲೆ ಸಮೇತ ಒಂದು ಕಡ್ಡಿ ತೆಗೆದು ಹಳೆ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತದೆ. ಅವತ್ತೇ ತೆಗೆದುಕೊಂಡು ಹೋಗಿ ತೋರಿಸಿ. ನಿಮಗೆ ಯಲಚಹಳ್ಳಿಯ ತೋಟಗಾರಿಕೆ ಕಾಲೇಜು ಹತ್ತಿರ. ನಂಜನಗೂಡು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ನಮಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ. ಹೋಗುವಾಗ ಇಡೀ ಗಿಡದ ಫೋಟೊ, ಕುಂಡದ ತಳದ ಫೋಟೊ ಎರಡೂ ಮೊಬೈಲ್‌ನಲ್ಲಿ ಇರಲಿ. ಯಾವ ನೀರು, ಎಷ್ಟು ದಿನಕ್ಕೊಮ್ಮೆ ಹಾಕುತ್ತೀರಿ ಅಂತ ಮೊದಲು ಕೇಳುತ್ತಾರೆ.